ಅನೋಟೇಶನ್ ಆಧಾರಿತ ಎಕ್ಸ್‌ಎಂಎಲ್ ಬೈಂಡಿಂಗ್

ಪ್ರೋಗ್ರಾಮಿನ ಆಬ್ಜೆಕ್ಟ್‌ಗಳನ್ನು ಎಕ್ಸ್‌ಎಂಎಲ್ ದಾಖಲೆಯಾಗಿ ಬರೆಯಲು, ಅಂಥ ದಾಖಲೆಯಿಂದ ಆಬ್ಜೆಕ್ಟ್‌ಗಳನ್ನು ಮರಳಿ ಕಟ್ಟಲು ಬೇಕಾದ ಸೂಚನೆಗಳನ್ನು ಕ್ಲಾಸಿನ ಕೋಡ್‌ನಲ್ಲೇ ಟಿಪ್ಪಣಿಗಳಾಗಿ ಇಡುವ ವಿಧಾನ. ಈ ಟಿಪ್ಪಣಿಗಳಿಗೆ ಜಾವಾದಲ್ಲಿ ಅನೋಟೇಶನ್ ಎಂದು ಹೆಸರು. ಆಬ್ಜೆಕ್ಟ್‌ನಿಂದ ದಾಖಲೆ ಮಾಡುವುದು ಮಾರ್ಷಲಿಂಗ್. ದಾಖಲೆಯಿಂದ ಆಬ್ಜೆಕ್ಟ್ ಮಾಡುವುದು ಅನ್‌ಮಾರ್ಷಲಿಂಗ್. ಜಾವಾದ ಜ್ಯಾಕ್ಸ್‌ಬಿ ಈ ವಿಧಾನದ ಅತ್ಯಂತ ವಿವರವಾದ ರೂಪಗಳಲ್ಲಿ ಒಂದಾದ್ದರಿಂದ ಈ ಲೇಖನ ಮುಖ್ಯವಾಗಿ ಅದನ್ನೇ ಹಿಡಿದು ಸಾಗುತ್ತದೆ.

ವಿಧಾನ ನೋಡಲು ಸರಳ. ಆದರೆ ದಾಖಲೆಯೂ ಆಬ್ಜೆಕ್ಟೂ ಒಂದೇ ಆಕಾರದವಲ್ಲ, ಅವುಗಳ ಆಯುಸ್ಸೂ ಒಂದೇ ಅಲ್ಲ. ಕೋಡ್ ವಾರಕ್ಕೊಮ್ಮೆ ಬದಲಾಗಬಹುದು. ಹೊರಗೆ ಕಳಿಸಿದ ದಾಖಲೆ ವರ್ಷಗಟ್ಟಲೆ ಇನ್ನೊಬ್ಬರ ಬಳಿ ಉಳಿಯುತ್ತದೆ. ಒಂದು ಫೀಲ್ಡ್‌ನ ಮೇಲೆ ಟಿಪ್ಪಣಿ ಬಿದ್ದ ಕ್ಷಣದಿಂದ ಆ ಫೀಲ್ಡ್ ಹೊರಗಿನವರೊಂದಿಗಿನ ಕರಾರಿನ ಭಾಗ. ಈ ತಂತ್ರದ ಅನುಕೂಲವೂ ತೊಡಕೂ ಹುಟ್ಟುವುದು ಇಲ್ಲಿಂದಲೇ.

ಹಿನ್ನೆಲೆ

ಡಬ್ಲ್ಯು3ಸಿ ಸಂಸ್ಥೆ ಎಕ್ಸ್‌ಎಂಎಲ್ 1.0 ಅನ್ನು 1998ರ ಫೆಬ್ರವರಿ 10ರಂದು ಪ್ರಕಟಿಸಿತು. 1986ರ ಎಸ್‌ಜಿಎಂಎಲ್ ಎಂಬ ಐಎಸ್‌ಒ ಮಾನದಂಡದ ಭಾರ ಇಳಿಸಿ ರೂಪಿಸಿದ ಭಾಷೆ ಇದು. ಅದೇ ವರ್ಷ ದಾಖಲೆ ಓದುವ ಎರಡು ದಾರಿಗಳೂ ತೆರೆದುಕೊಂಡವು. ಸ್ಯಾಕ್ಸ್ ದಾಖಲೆಯನ್ನು ಮೊದಲಿನಿಂದ ಕೊನೆಯವರೆಗೆ ಓದುತ್ತ, ಟ್ಯಾಗ್ ತೆರೆದಾಗ ಒಮ್ಮೆ, ಮುಚ್ಚಿದಾಗ ಒಮ್ಮೆ ಪ್ರೋಗ್ರಾಮನ್ನು ಕರೆಯುತ್ತದೆ. ಡಾಮ್ ಇಡೀ ದಾಖಲೆಯನ್ನು ಮೆಮೊರಿಯಲ್ಲಿ ಮರವಾಗಿ ನಿಲ್ಲಿಸುತ್ತದೆ.

ಎರಡರಲ್ಲೂ ಪ್ರೋಗ್ರಾಮರ್‌ಗೆ ಸಿಗುವುದು ಟ್ಯಾಗ್‌ಗಳೇ ಹೊರತು ಗ್ರಾಹಕ, ಬಿಲ್ಲು, ಪುಸ್ತಕ ಎಂಬ ತನ್ನ ಕೆಲಸದ ವಸ್ತುಗಳಲ್ಲ. ಯಾವ ಟ್ಯಾಗಿನ ಪಠ್ಯ ಯಾವ ಫೀಲ್ಡ್‌ಗೆ ಹೋಗಬೇಕು, ಸಂಖ್ಯೆಯಾದರೆ ಹೇಗೆ ಪರಿವರ್ತಿಸಬೇಕು, ಇಲ್ಲದಿದ್ದರೆ ಏನು ಮಾಡಬೇಕು ಎಂಬುದನ್ನೆಲ್ಲ ಸಾಲು ಸಾಲಾಗಿ ಕೈಯಲ್ಲೇ ಬರೆಯಬೇಕಿತ್ತು. ಓದುವುದಕ್ಕೆ ಒಮ್ಮೆ, ಬರೆಯುವುದಕ್ಕೆ ಇನ್ನೊಮ್ಮೆ. ಒಂದು ಕಡೆ ತಿದ್ದಿ ಇನ್ನೊಂದು ಕಡೆ ಮರೆತರೆ ತಪ್ಪು ತಿಂಗಳುಗಟ್ಟಲೆ ಅಡಗಿ ಕೂರುತ್ತಿತ್ತು.

ಈ ಕೆಲಸ ತಪ್ಪಿಸಲು ಮೊದಲು ಬಂದ ಉಪಾಯಗಳಲ್ಲಿ ಹೊಂದಾಣಿಕೆಯ ನಿಯಮಗಳು ಕೋಡ್‌ನ ಹೊರಗಿದ್ದವು. ಕ್ಯಾಸ್ಟರ್ ಮತ್ತು ಜಿಬಿಎಕ್ಸ್ ಎಂಬ ಲೈಬ್ರರಿಗಳಿಗೆ ಪ್ರತ್ಯೇಕ ಮ್ಯಾಪಿಂಗ್ ಫೈಲ್ ಬರೆದುಕೊಡಬಹುದಿತ್ತು. 2003ರಲ್ಲಿ ಜೆಎಸ್‌ಆರ್ 31 ಆಗಿ ಹೊರಬಂದ ಜ್ಯಾಕ್ಸ್‌ಬಿ 1.0 ಬೇರೆ ದಾರಿ ಹಿಡಿಯಿತು. ದಾಖಲೆಯ ರೂಪವನ್ನು ವಿವರಿಸಲು ಡಬ್ಲ್ಯು3ಸಿ 2001ರಲ್ಲಿ ಅಂಗೀಕರಿಸಿದ್ದ ಎಕ್ಸ್‌ಎಂಎಲ್ ಸ್ಕೀಮಾವನ್ನು ಕೊಟ್ಟರೆ ಅದು ಇಂಟರ್‌ಫೇಸ್‌ಗಳನ್ನೂ ಅವುಗಳ ಅನುಷ್ಠಾನದ ಕ್ಲಾಸ್‌ಗಳನ್ನೂ ತಾನೇ ಬರೆದುಕೊಡುತ್ತಿತ್ತು. ನಮ್ಮ ಬಳಿ ಆಗಲೇ ಇದ್ದ ಕ್ಲಾಸ್ ತೆಗೆದುಕೊಂಡು ಹೋಗಿ ಇದನ್ನು ದಾಖಲೆ ಮಾಡಿಕೊಡು ಎಂದು ಕೇಳುವ ಅವಕಾಶ ಮಾತ್ರ ಇರಲಿಲ್ಲ.

ಕೋಡ್‌ನಲ್ಲೇ ಟಿಪ್ಪಣಿ ಇಡುವ ವಿಷಯದಲ್ಲಿ ಮೈಕ್ರೋಸಾಫ್ಟ್ ಮುಂದಿತ್ತು. 2002ರ ಡಾಟ್‌ನೆಟ್‌ನ ಮೊದಲ ಆವೃತ್ತಿಯಲ್ಲೇ ಎಕ್ಸ್‌ಎಂಎಲ್ ಸೀರಿಯಲೈಸರ್ ಇತ್ತು. ಸಿ ಶಾರ್ಪ್ ಕ್ಲಾಸಿನ ಮೇಲೆ ಚೌಕ ಕಂಸದೊಳಗೆ ಸೂಚನೆ ಬರೆದರೆ ಸಾಕಾಗುತ್ತಿತ್ತು. ಜಾವಾ ಭಾಷೆಗೆ ಅನೋಟೇಶನ್ ಬಂದದ್ದು 2004ರ ಜಾವಾ 5ರಲ್ಲಿ. ಅದನ್ನು ತಳಹದಿ ಮಾಡಿಕೊಂಡ ಜ್ಯಾಕ್ಸ್‌ಬಿ 2.0, ಅಂದರೆ ಜೆಎಸ್‌ಆರ್ 222, 2006ರಲ್ಲಿ ಪೂರ್ಣಗೊಂಡಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಜಾವಾ 6ರ ಜೊತೆಗೇ ಎಲ್ಲರ ಕಂಪ್ಯೂಟರ್‌ಗೂ ತಲುಪಿತು. ಸನ್ ಕಂಪನಿಯಲ್ಲಿ ಇದರ ಮಾದರಿ ಅನುಷ್ಠಾನದ ಮೇಲೆ ದುಡಿದ ಕೊಹ್ಸುಕೆ ಕವಾಗುಚಿ ಮುಂದೆ ಜೆಂಕಿನ್ಸ್ ಎಂಬ ಬಿಲ್ಡ್ ಸರ್ವರ್‌ನ ಕರ್ತೃವಾಗಿ ಹೆಸರಾದರು.

ಒಂದು ಉದಾಹರಣೆ

ಗ್ರಂಥಾಲಯವೊಂದರ ಪ್ರೋಗ್ರಾಮಿನಲ್ಲಿ ‘ಪುಸ್ತಕ’ ಎಂಬ ಕ್ಲಾಸ್ ಇದೆ. ಅದರಲ್ಲಿ ವರ್ಷ, ಶೀರ್ಷಿಕೆ, ಲೇಖಕ, ವಿಷಯಗಳ ಪಟ್ಟಿ ಮತ್ತು ಒಳಬಳಕೆಯ ಒಂದು ದಾಖಲೆ ಸಂಖ್ಯೆ ಇವೆ ಎನ್ನೋಣ. ಈ ಹೆಸರುಗಳನ್ನು ಕನ್ನಡ ಲಿಪಿಯಲ್ಲೇ ಇಟ್ಟುಕೊಳ್ಳಬಹುದು. ಜಾವಾ ಕಂಪೈಲರ್ ಯೂನಿಕೋಡ್ ಅಕ್ಷರಗಳ ಹೆಸರುಗಳನ್ನು ಒಪ್ಪುತ್ತದೆ, ಎಕ್ಸ್‌ಎಂಎಲ್ ಕೂಡ ಟ್ಯಾಗಿನ ಹೆಸರಿನಲ್ಲಿ ಕನ್ನಡ ಅಕ್ಷರಗಳನ್ನು ಒಪ್ಪುತ್ತದೆ. ಹಾಗಾಗಿ ಕೆಳಗಿನದು ಎಲ್ಲ ರೀತಿಯಿಂದಲೂ ಸರಿಯಾದ ದಾಖಲೆ:

<ಪುಸ್ತಕ ವರ್ಷ="1968">
  <ಶೀರ್ಷಿಕೆ>ಮೂಕಜ್ಜಿಯ ಕನಸುಗಳು</ಶೀರ್ಷಿಕೆ>
  <ಲೇಖಕ>ಕೆ. ಶಿವರಾಮ ಕಾರಂತ</ಲೇಖಕ>
  <ವಿಷಯಗಳು>
    <ವಿಷಯ>ಕಾದಂಬರಿ</ವಿಷಯ>
    <ವಿಷಯ>ಜ್ಞಾನಪೀಠ ಪುರಸ್ಕೃತ</ವಿಷಯ>
  </ವಿಷಯಗಳು>
</ಪುಸ್ತಕ>

ಇದು ಹೊರಬರಬೇಕಾದರೆ ಕ್ಲಾಸಿನ ಮೇಲೆ ಐದು ಟಿಪ್ಪಣಿ ಸಾಕು. ಜ್ಯಾಕ್ಸ್‌ಬಿಯ ಟಿಪ್ಪಣಿಗಳ ಹೆಸರೆಲ್ಲ ‘ಎಕ್ಸ್‌ಎಂಎಲ್’ ಎಂದೇ ಶುರುವಾಗುವುದರಿಂದ ಇಲ್ಲಿ ಆ ಭಾಗ ಬಿಟ್ಟು ಬರೆದಿದೆ. ಕ್ಲಾಸಿನ ತಲೆಯ ಮೇಲಿನ @ರೂಟ್‌ಎಲಿಮೆಂಟ್, ಇದು ದಾಖಲೆಯ ಹೊರಗಿನ ಟ್ಯಾಗ್ ಆಗಬಲ್ಲದು ಎನ್ನುತ್ತದೆ. ವರ್ಷದ ಮೇಲಿನ @ಅಟ್ರಿಬ್ಯೂಟ್, ಅದನ್ನು ಒಳಗಿನ ಟ್ಯಾಗ್ ಮಾಡದೆ ಹೊರಟ್ಯಾಗಿನ ಗುಣವಾಗಿ ಬರೆಸುತ್ತದೆ. ಪಟ್ಟಿಗೆ ಎರಡು ಬೇಕು: @ಎಲಿಮೆಂಟ್‌ವ್ರ್ಯಾಪರ್ ‘ವಿಷಯಗಳು’ ಎಂಬ ಹೊದಿಕೆ ಕೊಡುತ್ತದೆ, @ಎಲಿಮೆಂಟ್ ಒಳಗಿನ ಪ್ರತಿಯೊಂದಕ್ಕೂ ‘ವಿಷಯ’ ಎಂದು ಹೆಸರಿಡುತ್ತದೆ. ಒಳಬಳಕೆಯ ಸಂಖ್ಯೆಯ ಮೇಲೆ @ಟ್ರಾನ್ಸಿಯೆಂಟ್ ಬರೆದರೆ ಅದು ದಾಖಲೆಗೆ ಹೋಗುವುದಿಲ್ಲ. ಶೀರ್ಷಿಕೆ, ಲೇಖಕ ಎರಡಕ್ಕೂ ಏನೂ ಬರೆಯಬೇಕಿಲ್ಲ. ಟಿಪ್ಪಣಿ ಇಲ್ಲದ ಕಡೆ ಫೀಲ್ಡ್‌ನ ಹೆಸರೇ ಟ್ಯಾಗಿನ ಹೆಸರು.

ಆದರೆ ಈ ಐದನ್ನಷ್ಟೇ ಬರೆದು ಹೊರಟವರು ಬಹಳ ಸಲ ಮೊದಲ ಹೆಜ್ಜೆಯಲ್ಲೇ ಮುಗ್ಗರಿಸುತ್ತಾರೆ. ಜ್ಯಾಕ್ಸ್‌ಬಿ ತಾನಾಗಿ ನೋಡುವುದು ಸಾರ್ವಜನಿಕ ಗೆಟರ್–ಸೆಟರ್ ಜೋಡಿಗಳನ್ನು ಮತ್ತು ಸಾರ್ವಜನಿಕ ಫೀಲ್ಡ್‌ಗಳನ್ನು. ಟಿಪ್ಪಣಿಯನ್ನು ಖಾಸಗಿ ಫೀಲ್ಡ್‌ನ ಮೇಲೆ ಬರೆದು, ಅದೇ ಹೆಸರಿನ ಸಾರ್ವಜನಿಕ ಗೆಟರ್–ಸೆಟರ್‌ಗಳನ್ನೂ ಇಟ್ಟರೆ ಒಂದೇ ಮಾಹಿತಿ ಎರಡು ಸಲ ಕಂಡು, ಒಂದೇ ಹೆಸರಿನ ಎರಡು ಪ್ರಾಪರ್ಟಿಗಳಿವೆ ಎಂಬ ದೋಷ ಬರುತ್ತದೆ. @ಆಕ್ಸೆಸರ್‌ಟೈಪ್ ಎಂಬ ಟಿಪ್ಪಣಿಯಲ್ಲಿ ‘ಫೀಲ್ಡ್’ ಎಂದು ಹೇಳಿಬಿಟ್ಟರೆ ಸಮಸ್ಯೆ ಮುಗಿಯಿತು. ಕಂಪೈಲ್ ಆಗುವಾಗ ಮಾತ್ರ ಈ ದೋಷದ ಸುಳಿವೂ ಸಿಗುವುದಿಲ್ಲ. ಟಿಪ್ಪಣಿಗಳ ಅರ್ಥ ಗೊತ್ತಿರುವುದು ಲೈಬ್ರರಿಗೆ, ಕಂಪೈಲರ್‌ಗಲ್ಲ.

ಲೈಬ್ರರಿ ಪ್ರೋಗ್ರಾಮ್ ಓಡುವಾಗ ರಿಫ್ಲೆಕ್ಷನ್ ಬಳಸಿ ಕ್ಲಾಸ್‌ಗಳನ್ನು ಪರಿಶೀಲಿಸಿ, ‘ಜ್ಯಾಕ್ಸ್‌ಬಿ ಕಾಂಟೆಕ್ಸ್ಟ್’ ಎಂಬ ನಕ್ಷೆ ಸಿದ್ಧಪಡಿಸಿಕೊಳ್ಳುತ್ತದೆ. ಇದು ದುಬಾರಿ ಕೆಲಸ. ಒಮ್ಮೆ ತಯಾರಾದ ಕಾಂಟೆಕ್ಸ್ಟ್ ಅನ್ನು ಎಷ್ಟು ಥ್ರೆಡ್‌ಗಳಾದರೂ ಹಂಚಿಕೊಳ್ಳಬಹುದು. ಅದರಿಂದ ಪಡೆದ ಮಾರ್ಷಲರ್, ಅನ್‌ಮಾರ್ಷಲರ್‌ಗಳನ್ನು ಹಾಗೆ ಹಂಚಿಕೊಳ್ಳುವಂತಿಲ್ಲ. ಪ್ರತಿ ವಿನಂತಿಗೂ ಹೊಸ ಕಾಂಟೆಕ್ಸ್ಟ್ ಕಟ್ಟುವ ಕೋಡ್ ಪರೀಕ್ಷೆಯಲ್ಲಿ ಚೆನ್ನಾಗಿಯೇ ಓಡಿ, ದಟ್ಟಣೆಯ ದಿನ ಸರ್ವರ್ ಏಳದಂತೆ ಮಾಡುತ್ತದೆ.

ಮರ ಮತ್ತು ಜಾಲ

ಎಕ್ಸ್‌ಎಂಎಲ್ ದಾಖಲೆ ಒಂದು ಮರ: ಬೇರು ಒಂದೇ, ಪ್ರತಿ ಟ್ಯಾಗಿಗೂ ತಾಯಿ ಒಂದೇ. ಮೆಮೊರಿಯ ಆಬ್ಜೆಕ್ಟ್‌ಗಳು ಯಾವ ದಿಕ್ಕಿಗಾದರೂ ಕೈ ಚಾಚುವ ಜಾಲ. ಪುಸ್ತಕ ತನ್ನ ಲೇಖಕನನ್ನು ತೋರಿಸುತ್ತದೆ, ಲೇಖಕ ತನ್ನ ಪುಸ್ತಕಗಳ ಪಟ್ಟಿಯನ್ನು ತೋರಿಸುತ್ತಾನೆ. ಇದನ್ನು ಹಾಗೆಯೇ ಬರೆಯಲು ಹೊರಟರೆ ಪುಸ್ತಕದೊಳಗೆ ಲೇಖಕ, ಅವನೊಳಗೆ ಅದೇ ಪುಸ್ತಕ, ಮತ್ತೆ ಲೇಖಕ ಎಂದು ಕೊನೆಯೇ ಇರುವುದಿಲ್ಲ. ಜ್ಯಾಕ್ಸ್‌ಬಿ ಈ ಸುತ್ತನ್ನು ಪತ್ತೆಮಾಡಿ ಕೆಲಸ ನಿಲ್ಲಿಸುತ್ತದೆ. ಬಿಡಿಸುವ ದಾರಿ ಎರಡು. ಒಂದು ದಿಕ್ಕಿನ ಸಂಬಂಧದ ಮೇಲೆ @ಟ್ರಾನ್ಸಿಯೆಂಟ್ ಬರೆದು ದಾಖಲೆಯಿಂದ ಹೊರಗಿಡಬಹುದು. ಇಲ್ಲವೇ @ಐಡಿ ಮತ್ತು @ಐಡಿರೆಫ್ ಬಳಸಿ, ಲೇಖಕನ ವಿವರವನ್ನು ಒಂದು ಕಡೆ ಪೂರ್ತಿ ಬರೆದು ಉಳಿದೆಡೆ ಅವನ ಗುರುತನ್ನಷ್ಟೇ ಬರೆಯಬಹುದು. ಎರಡನೆಯದರಲ್ಲಿ ಸಂಬಂಧ ಉಳಿಯುತ್ತದೆ. ಆದರೆ ಗುರುತಿನ ಮೌಲ್ಯ ಇಡೀ ದಾಖಲೆಯಲ್ಲಿ ಬೇರೆ ಯಾವುದರ ಗುರುತೂ ಆಗಿರಬಾರದು, ಅಂಕಿಯಿಂದ ಶುರುವಾಗಲೂಬಾರದು. ಡೇಟಾಬೇಸಿನ 4521 ಎಂಬ ಸಂಖ್ಯೆಯನ್ನು ಹಾಗೇ ಹಾಕಿದರೆ ಸ್ಕೀಮಾ ಒಪ್ಪುವುದಿಲ್ಲ.

ಕ್ರಮದ ವಿಷಯದಲ್ಲೂ ಎರಡು ಲೋಕಗಳ ನಿಲುವು ಬೇರೆ. ಕ್ಲಾಸಿನಲ್ಲಿ ಫೀಲ್ಡ್‌ಗಳು ಯಾವ ಕ್ರಮದಲ್ಲಿದ್ದರೂ ನಡೆಯುತ್ತದೆ. ಸ್ಕೀಮಾ ‘ಸೀಕ್ವೆನ್ಸ್’ ಎಂದಿದ್ದರೆ ಶೀರ್ಷಿಕೆ ಮೊದಲು, ಲೇಖಕ ಆಮೇಲೆ ಎಂಬುದು ಕಡ್ಡಾಯ. ಕ್ರಮ ಹೇಳದೆ ಬಿಟ್ಟರೆ ಜ್ಯಾಕ್ಸ್‌ಬಿ ಯಾವ ಭರವಸೆಯನ್ನೂ ಕೊಡುವುದಿಲ್ಲ. @ಟೈಪ್ ಟಿಪ್ಪಣಿಯ ‘ಪ್ರಾಪ್‌ಆರ್ಡರ್’ನಲ್ಲಿ ಕ್ರಮ ನಮೂದಿಸಬೇಕು. ಅಲ್ಲಿ ಬರೆಯಬೇಕಾದದ್ದು ಜಾವಾದ ಹೆಸರು, ಟ್ಯಾಗಿನ ಹೆಸರಲ್ಲ. ಟ್ಯಾಗ್ ಆಗಿ ಹೋಗುವ ಫೀಲ್ಡ್ ಒಂದನ್ನು ಬಿಟ್ಟರೂ ಕಾಂಟೆಕ್ಸ್ಟ್ ಏಳುವುದಿಲ್ಲ. ಈ ಕಟ್ಟುನಿಟ್ಟು ಒಳ್ಳೆಯದೇ.

‘ಇಲ್ಲ’ ಎಂಬುದನ್ನು ಹೇಳುವ ಬಗೆಗಳು ಇನ್ನೂ ಸೂಕ್ಷ್ಮ. ದಾಖಲೆಯಲ್ಲಿ ಟ್ಯಾಗೇ ಇಲ್ಲದಿರಬಹುದು, ಖಾಲಿ ಟ್ಯಾಗ್ ಇರಬಹುದು, ‘ನಿಲ್’ ಎಂದು ಸ್ಪಷ್ಟವಾಗಿ ಗುರುತಿಸಿದ ಟ್ಯಾಗ್ ಇರಬಹುದು. ಮೂರೂ ಬೇರೆ ಬೇರೆ. ಜಾವಾದಲ್ಲಿ ಇರುವುದು ನಲ್ ಒಂದೇ. ಜ್ಯಾಕ್ಸ್‌ಬಿ ನಲ್ ಆದ ಫೀಲ್ಡನ್ನು ಬರೆಯುವುದೇ ಇಲ್ಲ. ‘ನಿಲ್ಲಬಲ್’ ಎಂದು ಹೇಳಿದ್ದರೆ ಮಾತ್ರ ನಿಲ್ ಗುರುತಿನ ಟ್ಯಾಗ್ ಬರೆಯುತ್ತದೆ. ಬೆಲೆಯ ಫೀಲ್ಡ್ ಅನ್ನು ಮೂಲ ಪ್ರಕಾರದ ಪೂರ್ಣಾಂಕವಾಗಿಟ್ಟರೆ, ಬೆಲೆಯ ಟ್ಯಾಗ್ ಬಾರದ ಪುಸ್ತಕಕ್ಕೂ 0 ರೂಪಾಯಿ ಬೆಲೆ ಬಂದುಬಿಡುತ್ತದೆ. ಹಣದ ಲೆಕ್ಕ ಇರುವ ಕಡೆ ಇದು ಸಣ್ಣ ವಿಷಯವಲ್ಲ. ಬೆಲೆ ಗೊತ್ತಿಲ್ಲ ಎಂಬುದೂ ಒಂದು ಮಾಹಿತಿ. ಅದು ಉಳಿಯಬೇಕಾದರೆ ನಲ್ ಆಗಬಲ್ಲ ಪ್ರಕಾರವನ್ನೇ ಬಳಸಬೇಕು. ಡೀಫಾಲ್ಟ್ ಮೌಲ್ಯ ಕೊಟ್ಟರಾಯಿತಲ್ಲ ಎನ್ನುವವರು ಗಮನಿಸಬೇಕಾದದ್ದು: @ಎಲಿಮೆಂಟ್‌ನಲ್ಲಿ ಕೊಟ್ಟ ಡೀಫಾಲ್ಟ್ ಖಾಲಿ ಟ್ಯಾಗಿಗೆ ಅನ್ವಯಿಸುತ್ತದೆ, ಇಲ್ಲದ ಟ್ಯಾಗಿಗೆ ಅಲ್ಲ.

ಉತ್ತರಾಧಿಕಾರವನ್ನು @ಸೀಆಲ್ಸೋ ಟಿಪ್ಪಣಿಯೂ ದಾಖಲೆಯಲ್ಲಿನ ಪ್ರಕಾರದ ಗುರುತೂ ಸೇರಿ ನಿಭಾಯಿಸುತ್ತವೆ. ಲೈಬ್ರರಿಗೆ ಗೊತ್ತಿಲ್ಲದ ಪ್ರಕಾರಗಳಿಗೆ ಅಡಾಪ್ಟರ್ ಎಂಬ ಪುಟ್ಟ ಕ್ಲಾಸ್ ಬರೆಯಬೇಕು; 2014ರ ಜಾವಾ 8ರಲ್ಲಿ ಬಂದ ಹೊಸ ದಿನಾಂಕದ ಕ್ಲಾಸ್‌ಗಳಿಗೆ ಇದು ಬೇಕಾಗುತ್ತದೆ.

ಟ್ಯಾಗಿನ ಹೆಸರು ಯಾವ ಗುಂಪಿಗೆ ಸೇರಿದ್ದೆಂದು ಹೇಳುವ ನೇಮ್‌ಸ್ಪೇಸ್‌ನ ತೊಡಕಿಗೆ ಸ್ವಲ್ಪ ಹೆಚ್ಚು ಜಾಗ ಸಲ್ಲಬೇಕು, ಏಕೆಂದರೆ ಇದು ಸದ್ದಿಲ್ಲದೆ ಕೆಡಿಸುತ್ತದೆ. ಜ್ಯಾಕ್ಸ್‌ಬಿ 2 ತನಗೆ ಪರಿಚಯವಿಲ್ಲದ ಟ್ಯಾಗ್‌ಗಳನ್ನು ಸುಮ್ಮನೆ ದಾಟಿ ಹೋಗುತ್ತದೆ. ಹಳೆಯ ಪ್ರೋಗ್ರಾಮ್ ಹೊಸ ದಾಖಲೆಯನ್ನು ಓದಬಲ್ಲದಾಗಲಿ ಎಂಬ ಸದುದ್ದೇಶ ಅದರ ಹಿಂದಿದೆ. ಆದರೆ ನೇಮ್‌ಸ್ಪೇಸ್ ತಾಳೆಯಾಗದ ಟ್ಯಾಗ್ ಕೂಡ ಪರಿಚಯವಿಲ್ಲದ ಟ್ಯಾಗೇ. ಬೇರಿನ ಟ್ಯಾಗ್ ಸರಿಯಿದ್ದು ಒಳಗಿನವುಗಳ ನೇಮ್‌ಸ್ಪೇಸ್ ತಪ್ಪಿದರೆ ಯಾವ ದೋಷವೂ ಬರದೆ, ಎಲ್ಲ ಫೀಲ್ಡ್ ನಲ್ ಆದ ಆಬ್ಜೆಕ್ಟ್ ಒಂದು ಕೈಗೆ ಬರುತ್ತದೆ. ದಾಖಲೆ ತೆರೆದು ನೋಡಿದರೆ ಮಾಹಿತಿ ಕಣ್ಣೆದುರೇ ಇದೆ, ಪ್ರೋಗ್ರಾಮಿನಲ್ಲಿ ಏನೂ ಇಲ್ಲ. ಪ್ಯಾಕೇಜ್ ಮಟ್ಟದಲ್ಲಿ @ಸ್ಕೀಮಾ ಟಿಪ್ಪಣಿ ಬರೆದು ನೇಮ್‌ಸ್ಪೇಸ್ ಅನ್ನು ಒಂದೇ ಕಡೆ ಹೇಳುವುದು, ಅನ್‌ಮಾರ್ಷಲರ್‌ಗೆ ಸ್ಕೀಮಾ ಕೊಟ್ಟು ಓದುವಾಗಲೇ ಪರಿಶೀಲಿಸುವುದು – ಇವೆರಡನ್ನೂ ಐಚ್ಛಿಕ ಎಂದು ಭಾವಿಸದಿರುವುದು ಲೇಸು.

ಸ್ಕೀಮಾ ಮೊದಲೋ, ಕೋಡ್ ಮೊದಲೋ

ಜ್ಯಾಕ್ಸ್‌ಬಿ ಎರಡು ಸಾಧನಗಳನ್ನು ಕೊಡುತ್ತದೆ. ಎಕ್ಸ್‌ಜೆಸಿ ಸ್ಕೀಮಾದಿಂದ ಟಿಪ್ಪಣಿಸಹಿತ ಕ್ಲಾಸ್‌ಗಳನ್ನು ಬರೆಯುತ್ತದೆ; ಸ್ಕೀಮಾಜೆನ್ ಟಿಪ್ಪಣಿ ಇರುವ ಕ್ಲಾಸ್‌ಗಳಿಂದ ಸ್ಕೀಮಾ ಬರೆಯುತ್ತದೆ. ದಾಖಲೆಯ ರೂಪವನ್ನು ಹೊರಗಿನ ಸಂಸ್ಥೆ ನಿಗದಿಪಡಿಸಿದ್ದರೆ ಮೊದಲನೆಯದು ಸಹಜ. ವರ್ಡ್ ಫೈಲ್‌ಗಳ ಓಪನ್ ಎಕ್ಸ್‌ಎಂಎಲ್ ರೂಪವನ್ನು ಓದಿ ಬರೆಯುವ ಡಾಕ್ಸ್4ಜೆ ಎಂಬ ಮುಕ್ತ ಲೈಬ್ರರಿ ನಿಂತಿರುವುದು ಹೀಗೆ ಜ್ಯಾಕ್ಸ್‌ಬಿ ಕ್ಲಾಸ್‌ಗಳ ಮೇಲೆಯೇ. ಒಂದೇ ತಂಡದ ಒಳಬಳಕೆಯ ದಾಖಲೆಗಳಿಗೆ ಎರಡನೆಯದು ಚುರುಕು.

ಅಪಾಯ ಇರುವುದು ನಡುವಿನ ದಾರಿಯಲ್ಲಿ. ಡೇಟಾಬೇಸ್ ಕೋಷ್ಟಕಕ್ಕೆ ಹೊಂದಿಸಲು ಜೆಪಿಎ ಟಿಪ್ಪಣಿಗಳಿರುವ ಕ್ಲಾಸಿನ ಮೇಲೆಯೇ ಎಕ್ಸ್‌ಎಂಎಲ್ ಟಿಪ್ಪಣಿಗಳನ್ನೂ ಪೇರಿಸುವುದು ಬಹಳ ಕಡೆ ಕಾಣುವ ರೂಢಿ. ಸ್ವಲ್ಪ ಕೋಡ್ ಉಳಿಯುತ್ತದೆ, ನಿಜ. ಆದರೆ ಕೋಷ್ಟಕಕ್ಕೆ ಒಂದು ಕಾಲಂ ಸೇರಿಸಿದ ದಿನ ಅದು ಯಾರೂ ಕೇಳದೆ ಹೊರಗಿನ ದಾಖಲೆಗೂ ಸೇರಿಬಿಡುತ್ತದೆ. ಹೊರಗಿನವರಿಗೆ ಕಾಣಬಾರದ ಮಾಹಿತಿಯೂ ಹೀಗೆ ಹೊರಹೋಗಬಹುದು. ದಾಖಲೆಗೆಂದೇ ಪ್ರತ್ಯೇಕ ಕ್ಲಾಸ್‌ಗಳನ್ನಿಟ್ಟು, ಕೆಲಸದ ಆಬ್ಜೆಕ್ಟ್‌ಗಳಿಂದ ಅವಕ್ಕೆ ನಕಲು ಮಾಡುವ ಕೋಡ್ ಬೇಸರ ತರಿಸುವಂಥದ್ದು. ಆದರೂ ಹೊರಗಿನ ಸಂಸ್ಥೆಗಳೊಂದಿಗೆ ವ್ಯವಹರಿಸುವ ಯಾವ ಪ್ರೋಗ್ರಾಮಿಗೂ ಆ ಬೇಸರ ಪಡುವುದೇ ವಾಸಿ.

ಭಾರತದ ದಾಖಲೆಗಳು, ಸಹಿ, ಸುರಕ್ಷತೆ

ಭಾರತದ ಸಾರ್ವಜನಿಕ ತಂತ್ರಾಂಶದಲ್ಲಿ ಎಕ್ಸ್‌ಎಂಎಲ್ ಆಳವಾಗಿ ಬೇರೂರಿದೆ. ರಿಸರ್ವ್ ಬ್ಯಾಂಕ್ 2013ರ ಅಕ್ಟೋಬರ್‌ನಲ್ಲಿ ಆರಂಭಿಸಿದ ಹೊಸ ಆರ್‌ಟಿಜಿಎಸ್ ವ್ಯವಸ್ಥೆ ಐಎಸ್‌ಒ 20022 ಮಾನದಂಡದ ಎಕ್ಸ್‌ಎಂಎಲ್ ಸಂದೇಶಗಳನ್ನು ಬಳಸುತ್ತದೆ. 2016ರಲ್ಲಿ ಬಂದ ಯುಪಿಐನಲ್ಲಿ ಬ್ಯಾಂಕುಗಳು ಮತ್ತು ಎನ್‌ಪಿಸಿಐ ನಡುವಿನ ಪಾವತಿ ಸಂದೇಶಗಳ ರೂಪವನ್ನೂ ಎಕ್ಸ್‌ಎಂಎಲ್‌ನಲ್ಲೇ ನಿಗದಿಪಡಿಸಲಾಯಿತು.

ಆಧಾರ್‌ನ ಆಫ್‌ಲೈನ್ ಇ-ಕೆವೈಸಿ ಫೈಲ್ ಈ ತಂತ್ರವನ್ನು ಕಲಿಯಲು ಒಳ್ಳೆಯ ಮಾದರಿ. ಆಧಾರ್ ಪ್ರಾಧಿಕಾರ ಸಹಿ ಮಾಡಿದ ಈ ದಾಖಲೆಯಲ್ಲಿ ಹೆಸರು, ಜನ್ಮದಿನ, ಲಿಂಗ ಒಂದು ಟ್ಯಾಗಿನ ಅಟ್ರಿಬ್ಯೂಟ್‌ಗಳಾಗಿ, ವಿಳಾಸ ಇನ್ನೊಂದರ ಅಟ್ರಿಬ್ಯೂಟ್‌ಗಳಾಗಿ ಇರುತ್ತವೆ. ಭಾವಚಿತ್ರ ಮಾತ್ರ ಟ್ಯಾಗಿನೊಳಗಿನ ಪಠ್ಯವಾಗಿ, ಬೇಸ್64 ರೂಪದಲ್ಲಿ ಬರುತ್ತದೆ. ಕ್ಲಾಸಿನಲ್ಲಿ ಆ ಫೀಲ್ಡನ್ನು ಬೈಟ್‌ಗಳ ಸರಣಿ ಎಂದು ಘೋಷಿಸಿದರೆ ಜ್ಯಾಕ್ಸ್‌ಬಿ ಬೇಸ್64 ಅನ್ನು ತಾನೇ ಬಿಡಿಸಿ ಚಿತ್ರದ ಬೈಟ್‌ಗಳನ್ನು ಕೈಗಿಡುತ್ತದೆ. ಜನ್ಮದಿನ ನಮ್ಮ ರೂಢಿಯಂತೆ ದಿನ, ತಿಂಗಳು, ವರ್ಷದ ಕ್ರಮದಲ್ಲಿ ಇರುತ್ತದೆ. ಎಕ್ಸ್‌ಎಂಎಲ್ ಸ್ಕೀಮಾದ ದಿನಾಂಕ ವರ್ಷದಿಂದ ಶುರುವಾಗುವುದರಿಂದ ಇಲ್ಲೊಂದು ಅಡಾಪ್ಟರ್ ಬೇಕು.

ಸಹಿ ಇರುವ ಇಂಥ ದಾಖಲೆಯನ್ನು ಬೈಂಡಿಂಗ್ ಮೂಲಕ ಓದುವವರು ಒಂದು ಕ್ರಮ ಪಾಲಿಸಲೇಬೇಕು. ಡಿಜಿಟಲ್ ಸಹಿ ಲೆಕ್ಕ ಹಾಕುವ ಮೊದಲು ದಾಖಲೆಯನ್ನು ಕ್ಯಾನನಿಕಲ್ ರೂಪಕ್ಕೆ ತರುತ್ತಾರೆ. ಈ ರೂಪದಲ್ಲಿ ಅಟ್ರಿಬ್ಯೂಟ್‌ಗಳ ಕ್ರಮದಂಥ ವ್ಯತ್ಯಾಸಗಳು ಅಳಿಸಿಹೋಗುತ್ತವೆ. ಟ್ಯಾಗ್‌ಗಳ ನಡುವಿನ ಖಾಲಿ ಜಾಗ, ನೇಮ್‌ಸ್ಪೇಸ್‌ನ ಪ್ರಿಫಿಕ್ಸ್ ಮಾತ್ರ ಇದ್ದ ಹಾಗೇ ಉಳಿದು ಲೆಕ್ಕಕ್ಕೆ ಸೇರುತ್ತವೆ. ಅನ್‌ಮಾರ್ಷಲ್ ಮಾಡಿದ ಆಬ್ಜೆಕ್ಟ್‌ನಲ್ಲಿ ಇವು ಯಾವುವೂ ಇರುವುದಿಲ್ಲ. ಕಾಮೆಂಟ್‌ಗಳಿಲ್ಲ, ದಾಟಿಹೋದ ಅಪರಿಚಿತ ಟ್ಯಾಗ್‌ಗಳಿಲ್ಲ. ಅದನ್ನೇ ಮತ್ತೆ ಮಾರ್ಷಲ್ ಮಾಡಿದರೆ ಅರ್ಥ ಒಂದೇ ಇದ್ದರೂ ಸಹಿ ತಾಳೆಯಾಗದೆ ಹೋಗಬಹುದು. ಹಾಗಾಗಿ ಬಂದ ದಾಖಲೆಯ ಮೇಲೆಯೇ ಸಹಿ ಪರಿಶೀಲಿಸಿ, ಆಮೇಲೆ ಆಬ್ಜೆಕ್ಟ್ ಕಟ್ಟಬೇಕು. ಮುಂದೆ ಸಾಕ್ಷ್ಯವಾಗಿ ಬೇಕಾಗುವುದಾದರೆ ಮೂಲ ಫೈಲನ್ನೇ ಕಾಪಿಡಬೇಕು.

ಅಪರಿಚಿತರಿಂದ ಬಂದ ದಾಖಲೆಯಲ್ಲಿ ಇನ್ನೊಂದು ಅಪಾಯವಿದೆ. ಎಕ್ಸ್‌ಎಂಎಲ್‌ನ ಡಿಟಿಡಿ ಭಾಗದಲ್ಲಿ ಎಂಟಿಟಿಗಳನ್ನು ಘೋಷಿಸಬಹುದು. ಹೊರಗಿನ ಫೈಲನ್ನು ತೋರಿಸುವ ಎಂಟಿಟಿ ಬರೆದು ಸರ್ವರ್‌ನ ಗುಟ್ಟಿನ ಫೈಲ್‌ಗಳನ್ನು ಓದಿಸಬಹುದು. ಒಂದರೊಳಗೊಂದು ಹತ್ತು ಪಟ್ಟು ಬೆಳೆಯುವ ಎಂಟಿಟಿಗಳನ್ನು ಹೆಣೆದು, ಪುಟ್ಟ ದಾಖಲೆಯನ್ನು ಮೆಮೊರಿಯಲ್ಲಿ ನೂರು ಕೋಟಿ ತುಣುಕುಗಳಾಗಿ ಉಬ್ಬಿಸಲೂಬಹುದು. ಮೊದಲನೆಯ ದಾಳಿಗೆ 2017ರ ಓವಾಸ್ಪ್ ಟಾಪ್ 10 ಪಟ್ಟಿಯಲ್ಲಿ ನಾಲ್ಕನೆಯ ಸ್ಥಾನವಿತ್ತು. ಟಿಪ್ಪಣಿಗಳು ಇದನ್ನು ತಡೆಯಲಾರವು. ಡಿಟಿಡಿಯನ್ನು ಪೂರ್ತಿ ನಿಷೇಧಿಸಿದ ಪಾರ್ಸರ್ ಒಂದನ್ನು ನಾವೇ ತಯಾರಿಸಿ ಅನ್‌ಮಾರ್ಷಲರ್‌ಗೆ ಕೊಡಬೇಕು. ಒಂದು ಸಮಾಧಾನವೆಂದರೆ ಜ್ಯಾಕ್ಸ್‌ಬಿ ಕಟ್ಟುವುದು ಕಾಂಟೆಕ್ಸ್ಟ್‌ಗೆ ಗೊತ್ತಿರುವ ಕ್ಲಾಸ್‌ಗಳ ಆಬ್ಜೆಕ್ಟ್‌ಗಳನ್ನು ಮಾತ್ರ. ದಾಖಲೆಯಲ್ಲಿ ಬರೆದ ಹೆಸರಿನ ಯಾವ ಕ್ಲಾಸನ್ನಾದರೂ ಸೃಷ್ಟಿಸುವ ಲೈಬ್ರರಿಗಳು ಇದಕ್ಕಿಂತ ಬಹಳ ಹೆಚ್ಚಿನ ಅಪಾಯ ತಂದಿವೆ.

ಗಾತ್ರ ದೊಡ್ಡದಾದ ದಾಖಲೆಗೆ ಇಡಿಯಾಗಿ ಬೈಂಡಿಂಗ್ ಒಗ್ಗುವುದಿಲ್ಲ. ಲಕ್ಷಾಂತರ ಪುಸ್ತಕಗಳ ಸೂಚಿಯನ್ನು ಸ್ಟ್ಯಾಕ್ಸ್ ಓದುಗದಿಂದ ಹಂತಹಂತವಾಗಿ ಓದುತ್ತ, ‘ಪುಸ್ತಕ’ ಟ್ಯಾಗ್ ಸಿಕ್ಕಾಗಲೆಲ್ಲ ಅಷ್ಟನ್ನು ಮಾತ್ರ ಅನ್‌ಮಾರ್ಷಲ್ ಮಾಡಿ ಬಿಟ್ಟುಕೊಡುವುದು ವಾಡಿಕೆ.

ಬೇರೆ ಭಾಷೆಗಳಲ್ಲಿ

ಗೋ ಭಾಷೆಯಲ್ಲಿ ಫೀಲ್ಡ್‌ನ ಪಕ್ಕದ ಸಣ್ಣ ಪಠ್ಯದ ಟ್ಯಾಗ್ ಇದೇ ಕೆಲಸ ಮಾಡುತ್ತದೆ. ಅದರ ಎಕ್ಸ್‌ಎಂಎಲ್ ಪ್ಯಾಕೇಜ್ ಭಾಷೆಯ ಜೊತೆಗೇ ಬರುತ್ತದೆ. ಪೈಥಾನ್‌ನ ಎಕ್ಸ್‌ಎಸ್‌ಡೇಟಾ ಡೇಟಾಕ್ಲಾಸ್‌ನ ಫೀಲ್ಡ್‌ಗಳಿಗೆ ಮಾಹಿತಿ ಅಂಟಿಸುತ್ತದೆ. ರಸ್ಟ್‌ನಲ್ಲಿ ಸರ್ಡೆ ಎಂಬ ಲೈಬ್ರರಿ ಟಿಪ್ಪಣಿಗಳನ್ನು ಕಂಪೈಲ್ ಆಗುವಾಗಲೇ ಓದಿ ಪರಿವರ್ತನೆಯ ಕೋಡ್ ಬರೆದುಬಿಡುತ್ತದೆ. ರಿಫ್ಲೆಕ್ಷನ್‌ನ ವೆಚ್ಚವಿಲ್ಲ, ತಪ್ಪು ಟಿಪ್ಪಣಿಗಳಲ್ಲಿ ಹಲವು ಅಲ್ಲೇ ಸಿಕ್ಕಿಬೀಳುತ್ತವೆ. ಜಾವಾದಲ್ಲೇ ಜ್ಯಾಕ್ಸನ್ ಲೈಬ್ರರಿ ಜೇಸನ್‌ಗಾಗಿ ಬರೆದ ಟಿಪ್ಪಣಿಗಳನ್ನು ಎಕ್ಸ್‌ಎಂಎಲ್‌ಗೂ ಬಳಸಿಕೊಳ್ಳುತ್ತದೆ.

ಜಕಾರ್ತಾ ಕಾಲ

2017ರ ಜಾವಾ 9ರಲ್ಲಿ ಜ್ಯಾಕ್ಸ್‌ಬಿಯನ್ನು ತೆಗೆಯಲಿರುವ ಭಾಗಗಳ ಪಟ್ಟಿಗೆ ಸೇರಿಸಲಾಯಿತು. 2018ರ ಜಾವಾ 11ರಲ್ಲಿ, ಜೆಇಪಿ 320ರ ಪ್ರಕಾರ, ಅದು ಜೆಡಿಕೆಯಿಂದ ಹೊರಬಿತ್ತು. ಸತ್ತುಹೋಯಿತು ಎಂದಲ್ಲ, ಪ್ರತ್ಯೇಕ ಲೈಬ್ರರಿಯಾಗಿ ಸೇರಿಸಿಕೊಳ್ಳಬೇಕಾಯಿತು, ಅಷ್ಟೆ. ಅಷ್ಟರಲ್ಲಿ ಒರಾಕಲ್, ಜ್ಯಾಕ್ಸ್‌ಬಿಯೂ ಸೇರಿದ್ದ ಜಾವಾ ಇಇಯನ್ನು ಎಕ್ಲಿಪ್ಸ್ ಫೌಂಡೇಶನ್‌ಗೆ ಒಪ್ಪಿಸಿತ್ತು. ‘ಜಾವಾಎಕ್ಸ್’ ಎಂಬ ಪ್ಯಾಕೇಜ್ ಹೆಸರನ್ನು ಮುಂದುವರಿಸಿ ಬದಲಾಯಿಸುವ ಹಕ್ಕು ಫೌಂಡೇಶನ್‌ಗೆ ಸಿಗದ ಕಾರಣ 2020ರ ಡಿಸೆಂಬರ್‌ನ ಜಕಾರ್ತಾ ಇಇ 9ರಲ್ಲಿ ಎಲ್ಲವೂ ‘ಜಕಾರ್ತಾ’ ಎಂದು ಮರುನಾಮಕರಣಗೊಂಡವು. ಜಕಾರ್ತಾ ಎಕ್ಸ್‌ಎಂಎಲ್ ಬೈಂಡಿಂಗ್ 3.0 ಬಂದದ್ದು ಹೀಗೆ, 2022ರಲ್ಲಿ 4.0 ಬಂತು.

ಈ ಹೆಸರು ಬದಲಾವಣೆಯಲ್ಲಿ ಕೋಡ್‌ನ ತರ್ಕ ಒಂದಿಷ್ಟೂ ಬದಲಾಗಲಿಲ್ಲ. ಆದರೆ ಹಳೆಯ @ರೂಟ್‌ಎಲಿಮೆಂಟೂ ಹೊಸ @ರೂಟ್‌ಎಲಿಮೆಂಟೂ ಜಾವಾದ ಕಣ್ಣಿಗೆ ಎರಡು ಬೇರೆ ಟಿಪ್ಪಣಿಗಳು. ಹಳೆಯ ಪ್ಯಾಕೇಜಿನ ಟಿಪ್ಪಣಿ ಇರುವ ಕ್ಲಾಸನ್ನು ಹೊಸ ಲೈಬ್ರರಿಗೆ ಕೊಟ್ಟರೆ ಅದು ಆ ಟಿಪ್ಪಣಿಗಳನ್ನು ಕಾಣುವುದೇ ಇಲ್ಲ. ಕ್ಲಾಸಿನ ಮೇಲೆ ರೂಟ್‌ಎಲಿಮೆಂಟ್ ಟಿಪ್ಪಣಿ ಇಲ್ಲ ಎಂಬ ದೋಷ ಪರದೆಯ ಮೇಲೆ ಬರುತ್ತದೆ. ಕೋಡ್ ತೆರೆದರೆ ಟಿಪ್ಪಣಿ ಅಲ್ಲೇ ಇದೆ. ಆಗ ನೋಡಬೇಕಾದದ್ದು ಟಿಪ್ಪಣಿಯನ್ನಲ್ಲ, ಫೈಲಿನ ಮೇಲ್ಭಾಗದ ಇಂಪೋರ್ಟ್ ಸಾಲುಗಳನ್ನು ಮತ್ತು ಪ್ರಾಜೆಕ್ಟಿಗೆ ಸೇರಿಸಿಕೊಂಡ ಲೈಬ್ರರಿಯ ಆವೃತ್ತಿಯನ್ನು.